ಹಳೆಯ ಎಂಜಿನ್ನಿಗೆ ಯಾವ ಕಿಡಿ?

ಅಮೆರಿಕದಲ್ಲಿ 1960ರ ದಶಕದ ಕಾರುಗಳನ್ನು ಹುಡುಕಿ ತಂದು, ದುರಸ್ತಿ ಮಾಡಿ, ಮತ್ತೆ ರಸ್ತೆಗಿಳಿಸುವ ದೊಡ್ಡ ಬಳಗವೊಂದಿದೆ. ಅವರನ್ನು ಬಿಡದೆ ಕಾಡುವ ಪ್ರಶ್ನೆಗಳಲ್ಲಿ ಒಂದು, ಈ ಎಂಜಿನ್ನಿಗೆ ಯಾವ ಸ್ಪಾರ್ಕ್ ಪ್ಲಗ್ ಹಾಕಬೇಕು ಎಂಬುದು. ಹಳೆಯ ಕೈಪಿಡಿಯಲ್ಲಿ ಪ್ಲಗ್ಗಿನ ಸಂಖ್ಯೆ ಅಚ್ಚಾಗಿಯೇ ಇರುತ್ತದೆ. ಹಾಗಿದ್ದರೂ ಪ್ರಶ್ನೆ ಉಳಿದಿರುವುದೇಕೆ? ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ವಿಷಯ ಹಿಡಿಸಿದ್ದು ಇಲ್ಲಿಯೇ. ಹಳೆಯ ಗ್ರಂಥದಲ್ಲಿ ಪದ ಉಳಿದು, ಅದು ಸೂಚಿಸುತ್ತಿದ್ದ ಲೋಕ ಮರೆಯಾಗಿದ್ದರೆ, ನಾವು ಮೊದಲು ಆ ಕಾಲವನ್ನು ತಿಳಿಯಲು ಹೊರಡುತ್ತೇವೆ. ಇಲ್ಲಿಯೂ ದಾರಿ ಅದೇ.

ಬೆಂಗಳೂರಿನ ಮೈಕೋ ಕಾರ್ಖಾನೆಯ ದೆಸೆಯಿಂದ ಈ ವಸ್ತು ನಮಗೆ ಅಪರಿಚಿತವೇನಲ್ಲ. ಸ್ಕೂಟರಿನ ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ಮತ್ತೆ ತಿರುಗಿಸಿ ಹಾಕಿದವರು ನಮ್ಮಲ್ಲಿ ಎಷ್ಟೋ ಮಂದಿ. ಇದರ ಚರಿತ್ರೆಯೂ ಸಣ್ಣದಲ್ಲ. 1860ರಲ್ಲಿ ಪ್ಯಾರಿಸ್ಸಿನಲ್ಲಿ ಎತಿಯೆನ್ ಲೆನ್ವಾರ್ ತನ್ನ ಅನಿಲ ಎಂಜಿನ್ನನ್ನು ವಿದ್ಯುತ್ ಕಿಡಿಯಿಂದ ನಡೆಸಿದ. 1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಸಿದ್ಧಪಡಿಸಿದ. ಆ ಕಾಲದಲ್ಲಿಯೇ ಫ್ರಾನ್ಸಿನ ಸೈಕಲ್ ಪಂದ್ಯಗಾರ ಆಲ್ಬರ್ಟ್ ಚಾಂಪಿಯನ್ ಅಮೆರಿಕಕ್ಕೆ ಹೋಗಿ ಪ್ಲಗ್ ತಯಾರಿಕೆಗೆ ಕೈಹಾಕಿದ. ಅವನು ತನ್ನ ಮೊದಲ ಸಂಸ್ಥೆಯಿಂದ ಹೊರಬಂದಾಗ ಅವನ ಹೆಸರು ಅಲ್ಲಿಯೇ ಉಳಿದುಕೊಂಡಿತು. 1908ರಲ್ಲಿ ಫ್ಲಿಂಟ್ ನಗರದಲ್ಲಿ ಅವನು ಕಟ್ಟಿದ ಹೊಸ ಸಂಸ್ಥೆಯ ಪ್ಲಗ್ಗುಗಳಿಗೆ ಹೆಸರಿನ ಮೊದಲಕ್ಷರಗಳಾದ ‘ಎಸಿ’ಯೇ ಗತಿಯಾಯಿತು. ಹೀಗೆ ಚಾಂಪಿಯನ್ ಮತ್ತು ಎಸಿ ಎಂಬ ಎರಡು ಪ್ರತಿಸ್ಪರ್ಧಿ ಪ್ಲಗ್ಗುಗಳಿಗೂ ಒಬ್ಬನೇ ಮನುಷ್ಯನ ಹೆಸರು!

ಎಸಿ ಮುಂದೆ ಜನರಲ್ ಮೋಟರ್ಸಿನ ಅಂಗವಾಯಿತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ನು ಕೂಡದೆಂಬ ಕಟ್ಟಳೆಯೊಂದು ಆ ಕಂಪನಿಯಲ್ಲಿತ್ತು. 1964ರಲ್ಲಿ ಅದರ ಪಾಂಟಿಯಾಕ್ ವಿಭಾಗದವರು ಜಾಣತನದಿಂದ ಅದನ್ನು ದಾಟಿದರು. ಬೇಕೆಂದವರಿಗೆ ಮಾತ್ರ ಎಂಬ ನೆಪದಲ್ಲಿ ಟೆಂಪೆಸ್ಟ್ ಕಾರಿಗೆ 389 ಘನ ಅಂಗುಲದ, 325 ಅಶ್ವಶಕ್ತಿಯ ಎಂಜಿನ್ನನ್ನು ಕೂರಿಸಿ ಜಿಟಿಒ ಎಂದು ಕರೆದರು. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಮಸಲ್ ಕಾರುಗಳ, ಎಂದರೆ ಕಟ್ಟುಮಸ್ತಾದ ಕಾರುಗಳ, ಕಾಲ ಹೀಗೆ ಆರಂಭವಾಯಿತು.

ಇಂಥ ಎಂಜಿನ್ನಿಗೆ ಎರಡು ಬಾಳು. ಊರಿನೊಳಗೆ ಅದು ಹೆಚ್ಚು ಶಾಖವಿಲ್ಲದೆ ಗುರುಗುಟ್ಟುತ್ತ ನಿಲ್ಲಬೇಕು. ಬಯಲಿಗೆ ಬಂದೊಡನೆ ಕೆಂಡದಂತೆ ಉರಿಯಬೇಕು. ಪ್ಲಗ್ಗಿನ ತುದಿಯ ಶಾಖ ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆಯಾದರೆ ಮಸಿ ಕಟ್ಟಿ ಕಿಡಿ ಸೋರಿಹೋಗುತ್ತದೆ; 850 ಡಿಗ್ರಿಯನ್ನು ಮೀರಿ ಏರತೊಡಗಿದರೆ, ಕಿಡಿಗೆ ಮೊದಲೇ ತುದಿಯ ಕಾವಿನಿಂದ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೇ ಅಪಾಯ. ಆದುದರಿಂದ ಪ್ಲಗ್ಗುಗಳಲ್ಲಿ ‘ಬಿಸಿ’ ಮತ್ತು ‘ತಂಪು’ ಎಂಬ ಭೇದವುಂಟು. ಬಿಸಿ ಪ್ಲಗ್ ಎಂದರೆ ಹೆಚ್ಚು ಬಲವಾದ ಕಿಡಿ ಕೊಡುವುದೆಂದು ಹಲವರ ಎಣಿಕೆ. ಅದು ಸರಿಯಲ್ಲ. ಒಳಗಿನ ಪಿಂಗಾಣಿಯ ಮೂತಿ ಉದ್ದವಾಗಿದ್ದರೆ ಶಾಖ ಹೊರಹೋಗುವುದು ನಿಧಾನ, ಅದು ಬಿಸಿ ಪ್ಲಗ್. ಮೂತಿ ಗಿಡ್ಡವಾಗಿದ್ದರೆ ಶಾಖ ಬೇಗ ಜಾರುತ್ತದೆ, ಅದು ತಂಪು ಪ್ಲಗ್.

ಸಂಖ್ಯೆಯಲ್ಲಿ ಅಡಗಿರುವುದು ಈ ಭೇದವೇ. ಎಸಿ ಪದ್ಧತಿಯ 45ಎಸ್ ಎಂಬುದರಲ್ಲಿ 4 ಎಂದರೆ 14 ಮಿಲಿಮೀಟರಿನ ಮರೆ. 5 ಶಾಖದ ಮಟ್ಟ. ಎಸ್ ಎಂದರೆ ಮುಂದಕ್ಕೆ ಚಾಚಿದ ತುದಿ. 44ಎಸ್ ಅದಕ್ಕಿಂತ ಒಂದು ಮೆಟ್ಟಿಲು ತಂಪು. ಜಪಾನಿನ ಎನ್‌ಜಿಕೆ ಪ್ಲಗ್ಗುಗಳಲ್ಲಿ ಲೆಕ್ಕ ತಿರುಗುಮುರುಗು: ಅಂಕ ಹೆಚ್ಚಿದಷ್ಟೂ ತಂಪು. ಪದ್ಧತಿಯನ್ನು ಅರಿಯದೆ ಅಂಕವನ್ನು ಮಾತ್ರ ಹೋಲಿಸಿದವನು ಬೇಕಾದುದಕ್ಕೆ ನೇರ ವಿರುದ್ಧವಾದುದನ್ನೇ ಕೊಂಡುತರುತ್ತಾನೆ.

ಇದಿಷ್ಟೇ ಆಗಿದ್ದರೆ ಕೈಪಿಡಿಯೇ ಸಾಕಾಗುತ್ತಿತ್ತು. ಆದರೆ ಕೈಪಿಡಿ ಹೇಳದೆ ಬಿಟ್ಟಿರುವ ಮಾತೊಂದಿದೆ. ಬರೆದವರಿಗೆ ಅದು ಗಾಳಿ, ನೀರಿನಷ್ಟು ಸಹಜವಾಗಿತ್ತು. ಅದೇ ಪೆಟ್ರೋಲಿನೊಳಗಿನ ಸೀಸ. 1921ರಲ್ಲಿ ಜನರಲ್ ಮೋಟರ್ಸ್ ಪ್ರಯೋಗಶಾಲೆಯ ಥಾಮಸ್ ಮಿಡ್‌ಗ್ಲಿ, ಟೆಟ್ರಾಈಥೈಲ್ ಸೀಸವನ್ನು ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುವುದೆಂದು ಕಂಡುಕೊಂಡ. 1923ರಲ್ಲಿ ಅಂಥ ಪೆಟ್ರೋಲು ಮಾರುಕಟ್ಟೆಗೆ ಬಂದಿತು. ಮರುವರ್ಷವೇ ನ್ಯೂಜರ್ಸಿಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ವಿಷವೇರಿ ಸತ್ತರು. ಆದರೂ ಅದು ನಿಲ್ಲಲಿಲ್ಲ. ಮಸಲ್ ಕಾರುಗಳ ಅತಿಯಾದ ಒತ್ತಡದ ಎಂಜಿನ್ನುಗಳು ಈ ಸೀಸದ ಬಲದಿಂದಲೇ ಓಡಿದವು. ಸೀಸ ಪ್ಲಗ್ಗಿನ ಮೂತಿಗೂ ಮೆತ್ತುತ್ತಿತ್ತು. ಕಾವೇರಿದಾಗ ಆ ಲೇಪದ ಮೂಲಕ ವಿದ್ಯುತ್ತು ಹರಿದು ಕಿಡಿ ತಪ್ಪುತ್ತಿತ್ತು. ಪ್ಲಗ್ಗಿನ ಕಂದು, ಬೂದು ಬಣ್ಣಗಳನ್ನು ನೋಡಿಯೇ ಮೆಕ್ಯಾನಿಕ್ಕುಗಳು ಎಂಜಿನ್ನಿನ ಆರೋಗ್ಯವನ್ನು ಹೇಳುತ್ತಿದ್ದರು. ಅವರು ಓದುತ್ತಿದ್ದ ಆ ಲಿಪಿಗೆ ಸೀಸವೂ ಮಸಿಯಾಗಿತ್ತು.

ಅದೇ ಸೀಸ ಹೊಗೆಯೊಡನೆ ಬೀದಿಗೆ ಬಿದ್ದು ಮಕ್ಕಳ ರಕ್ತವನ್ನು ಸೇರುತ್ತಿತ್ತು. ಭೂಮಿಯ ವಯಸ್ಸನ್ನು ಅಳೆದ ಕ್ಲೇರ್ ಪ್ಯಾಟರ್ಸನ್ 1965ರಲ್ಲಿ ಈ ಬಗ್ಗೆ ಎಚ್ಚರಿಸಿದ. 1971ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ತನ್ನ ಎಂಜಿನ್ನುಗಳ ಒತ್ತಡವನ್ನು ತಗ್ಗಿಸಿತು; 1975ರ ಮಾದರಿಗಳಿಂದ ಸೀಸವಿಲ್ಲದ ಪೆಟ್ರೋಲು ಬಳಕೆಗೆ ಬಂದಿತು. 1976ರಿಂದ 1980ರೊಳಗೆ ಅಮೆರಿಕದ ಜನರ ರಕ್ತದಲ್ಲಿನ ಸೀಸ ಸರಾಸರಿ ಶೇಕಡ 37ರಷ್ಟು ಇಳಿಯಿತು. 1996ರಲ್ಲಿ ಅಲ್ಲಿನ ರಸ್ತೆಗಳಿಂದ ಸೀಸದ ಪೆಟ್ರೋಲು ಪೂರ್ತಿಯಾಗಿ ಮರೆಯಾಯಿತು. ನಮ್ಮ ದೇಶದಲ್ಲಿ 2000ದಲ್ಲಿ. ಎಲ್ಲರಿಗಿಂತ ಕೊನೆಗೆ 2021ರಲ್ಲಿ ಅಲ್ಜೀರಿಯದಲ್ಲಿ.

ಆದುದರಿಂದ ಇಂದು ಹಳೆಯ ಕಾರಿಗೆ ಪ್ಲಗ್ ಆರಿಸುವವನು ಕೈಪಿಡಿಯ ಸಂಖ್ಯೆಯಿಂದ ಹೊರಡಬೇಕು, ಆದರೆ ಅಲ್ಲಿಯೇ ನಿಲ್ಲಬಾರದು. ಭಾನುವಾರದ ಪ್ರದರ್ಶನಕ್ಕೆ ಮೆಲ್ಲನೆ ಹೋಗಿ ಬರುವ ಎಂಜಿನ್ನು ಮಸಿ ಕಟ್ಟುತ್ತಿದ್ದರೆ ಒಂದು ಮೆಟ್ಟಿಲು ಬಿಸಿಯಾದ ಪ್ಲಗ್ ತಕ್ಕುದು. ಒತ್ತಡ ಹೆಚ್ಚಿಸಿ ಪಂದ್ಯಕ್ಕೆ ಓಡಿಸುವವನಿಗೆ ತಂಪಾದುದು. ಸೀಸವಿಲ್ಲದ ಪೆಟ್ರೋಲು ಪ್ಲಗ್ಗಿನ ಮೇಲೆ ಹಳೆಯ ಬಣ್ಣವನ್ನು ಬಿಡುವುದಿಲ್ಲವಾಗಿ, ತುದಿ ಬೆಳ್ಳಗೆ ಕಂಡಮಾತ್ರಕ್ಕೆ ಎಂಜಿನ್ನು ಸುಡುತ್ತಿದೆಯೆಂದು ಗಾಬರಿಪಡಬೇಕಾಗಿಲ್ಲ.

ಪಂದ್ಯದ ಕಾರುಗಳಿಗೆಂದು ಸೀಸದ ಇಂಧನ ಅಮೆರಿಕದಲ್ಲಿ ಈಗಲೂ ದೊರೆಯುತ್ತದೆ. ಎಲ್ಲವೂ 1964ರಲ್ಲಿದ್ದಂತೆಯೇ ಇರಬೇಕೆಂಬ ಹಟದವರಿಗೆ ಅದು ಆಸೆ ಹುಟ್ಟಿಸುವಂಥದು. ಹಳೆಯದರ ಮೇಲಿನ ಪ್ರೀತಿ ನನಗೂ ಇದೆ; ಅದರಲ್ಲಿಯೇ ನಾನು ಬದುಕಿದವನು. ಆದರೂ ಹೇಳುತ್ತೇನೆ: ಪ್ಲಗ್ಗಿನ ಸಂಖ್ಯೆ ಒಂದಂಕ ಆಚೀಚೆಯಾದರೆ ಕಾರಿಗೆ ನಷ್ಟವೇನಿಲ್ಲ. ಸೀಸ ಬೀದಿಗೆ ಮರಳಿದರೆ ನಷ್ಟವಾಗುವುದು ಆ ಬೀದಿಯಲ್ಲಿ ಆಡುವ ಮಕ್ಕಳಿಗೆ.