ಹಿಡಿಯಲ್ಲಿ ಎಷ್ಟು ಕಿಲೋ? ಕೃಷಿಯಂತ್ರಗಳ ನಿಯಂತ್ರಣ ಮತ್ತು ದೇಹಬಲ: ಒಂದು ಟಿಪ್ಪಣಿ

ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿ ಕೆರೆ ಉಳಿದಿದೆ, ಸುತ್ತಲ ಹೊಲಗದ್ದೆಗಳು ಬಡಾವಣೆಗಳಾಗಿವೆ. ಆದರೂ ಕೃಷಿಯಂತ್ರದ ಬಗೆಗಿನ ಈ ಟಿಪ್ಪಣಿಯನ್ನು ಇಲ್ಲಿಂದಲೇ ತೊಡಗಲು ಕಾರಣವಿದೆ. ಡಾ. ಅಂಬೇಡ್ಕರ್ ತಾಂತ್ರಿಕ ಕಾಲೇಜು ಇರುವುದು ಈ ಊರಿನಲ್ಲಿ. ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಪೀಣ್ಯಗಳ ಲೇತ್ ಶೆಡ್ಡುಗಳು ದೂರವೇನಲ್ಲ. ಮಾಗಡಿ ರಸ್ತೆ ಹಿಡಿದು ತಾವರೆಕೆರೆ ದಾಟಿದರೆ ರಾಗಿ ಹೊಲಗಳು ಸಿಗುತ್ತವೆ. ಅಳೆಯಬಲ್ಲವರು, ಮಾಡಿಕೊಡಬಲ್ಲವರು, ಬೇಕಾದವರು ಮೂವರೂ ಒಂದೇ ದಾರಿಯಲ್ಲಿದ್ದಾರೆ.

ಎಂಜಿನ್ನು ಎಷ್ಟು ಅಶ್ವಶಕ್ತಿಯದೆಂದು ಯಂತ್ರದ ಮೇಲೆಯೇ ಬರೆದಿರುತ್ತದೆ. ಅದರ ಕ್ಲಚ್ ಒತ್ತಲು ಎಷ್ಟು ಬಲ ಬೇಕೆಂಬುದನ್ನು ಕೊಳ್ಳುವವರು ಕೇಳುವುದೂ ಇಲ್ಲ, ಮಾರುವವರು ಹೇಳುವುದೂ ಇಲ್ಲ. ಅಂತಾರಾಷ್ಟ್ರೀಯ ಮಾನಕವೊಂದು ಇದಕ್ಕೆ ಮಿತಿ ಹಾಕಿದೆ. ಅದರ ಪ್ರಕಾರ ಟ್ರ್ಯಾಕ್ಟರಿನ ಕ್ಲಚ್ ಪೆಡಲಿಗೆ ಗರಿಷ್ಠ 350 ನ್ಯೂಟನ್, ಬ್ರೇಕ್ ಪೆಡಲಿಗೆ 600 ನ್ಯೂಟನ್. ತೂಕದ ಮಾತಿನಲ್ಲಿ ಸುಮಾರು 36 ಮತ್ತು 61 ಕಿಲೋ. ಎಲ್ಲ ಟ್ರ್ಯಾಕ್ಟರುಗಳೂ ಇಷ್ಟು ಬಲ ಕೇಳುತ್ತವೆಂದಲ್ಲ. ಕೇಳಿದರೂ ಮಾನಕದ ಲೆಕ್ಕದಲ್ಲಿ ತಪ್ಪಿಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ 2009ರಲ್ಲಿ ಭಾರತದ ಕೃಷಿಕಾರ್ಮಿಕರ ದೇಹದ ಅಳತೆ ಮತ್ತು ಬಲದ ಅಂಕಿಗಳನ್ನು ಪ್ರಕಟಿಸಿತು. ಅದರಲ್ಲಿ ಗಂಡಸರ ಸರಾಸರಿ ಎತ್ತರ ಸುಮಾರು 163 ಸೆಂಟಿಮೀಟರ್, ಹೆಂಗಸರದು ಸುಮಾರು 152; ಹೆಂಗಸರ ಸರಾಸರಿ ತೂಕ ಸುಮಾರು 46 ಕಿಲೋ. ಅಂದರೆ ಬ್ರೇಕಿನ ಮಿತಿಯೇ ಸರಾಸರಿ ಹೆಣ್ಣಾಳಿನ ತೂಕಕ್ಕಿಂತ ಹೆಚ್ಚು.

ಬೆನ್ನಿಗೆ ಆಧಾರವಿದ್ದರೆ ಕಾಲು ದೇಹದ ತೂಕವನ್ನೂ ಮೀರಿ ಒತ್ತಬಲ್ಲದು ಎಂಬ ಆಕ್ಷೇಪಣೆ ಸರಿಯೇ. ತೊಡಕು ಅಲ್ಲೇ ಇದೆ. ಗಿಡ್ಡನೆಯ ಚಾಲಕಿ ಪೆಡಲು ಮುಟ್ಟಲು ಸೀಟಿನ ಅಂಚಿಗೆ ಜರುಗುತ್ತಾಳೆ, ಬೆನ್ನು ಒರಗನ್ನು ಬಿಡುತ್ತದೆ, ಅದೇ ಕಾಲಿನ ಒತ್ತುಬಲ ಇಳಿಯುತ್ತದೆ. ಹೊರಗಿನವರು ಇದನ್ನು ದೇಹದ ದೌರ್ಬಲ್ಯವೆಂದು ಓದುತ್ತಾರೆ. ಆದ್ದರಿಂದ ಕ್ಲಚ್ಚಿನ ಸ್ಪ್ರಿಂಗಿಗೆ ಕೈಹಾಕುವ ಮೊದಲು ಸೀಟನ್ನು ಮುಂದಕ್ಕೆ ತಂದು, ಗಟ್ಟಿ ಒರಗು ಕೂರಿಸಿ, ಪೆಡಲಿನ ಮೇಲೆ ಜಾರದಂಥ ದಪ್ಪ ತುಂಡೊಂದನ್ನು ಬಿಗಿಯಬೇಕು. ಖರ್ಚು ಕಡಿಮೆ, ಫಲ ಹೆಚ್ಚು.

ನಮ್ಮ ಸಣ್ಣ ಹಿಡುವಳಿಗಳಲ್ಲಿ ಟ್ರ್ಯಾಕ್ಟರಿಗಿಂತ ಪವರ್ ಟಿಲ್ಲರಿನದೇ ದೊಡ್ಡ ಪ್ರಶ್ನೆ. 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಕಂಪನಿಯ 13 ಅಶ್ವಶಕ್ತಿಯ ಶಕ್ತಿ ಟಿಲ್ಲರ್ ರಾಜ್ಯದ ರೈತರಿಗೆ ಹೊಸದೇನಲ್ಲ. ಇಂಥ ಟಿಲ್ಲರು ಮೂರು ಕಡೆ ಬಲ ಕೇಳುತ್ತದೆ: ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವಾಗ, ಸಾಲಿನ ಕೊನೆಯಲ್ಲಿ ಹೊರಳಿಸುವಾಗ, ಬದು ದಾಟಿಸುವಾಗ. ಸ್ಟಾರ್ಟ್ ಮಾಡುವಾಗ ಎಂಜಿನ್ನಿನೊಳಗಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರನ್ನು ಎತ್ತಿ ಹಿಡಿದು ಎಂಜಿನ್ನಿನ ಚಕ್ರಕ್ಕೆ ವೇಗ ಬಂದ ಮೇಲೆ ಬಿಟ್ಟರೆ ಸಾಕಷ್ಟು ಶ್ರಮ ಉಳಿಯುತ್ತದೆ. ಆದರೆ ಎಂಜಿನ್ನು ಹಿಂದಕ್ಕೆ ಒದ್ದರೆ ಮಣಿಕಟ್ಟೇ ಹೋಗಬಹುದು. ಇಲ್ಲಿ ಅರೆಬರೆ ರಿಪೇರಿ ಬೇಡ, ಬ್ಯಾಟರಿಯ ಸೆಲ್ಫ್ ಸ್ಟಾರ್ಟೇ ಸರಿ.

ಹೊರಳಿಸುವುದು ಬೆರಳುಗಳ ಕೆಲಸ. ಹಿಡಿಯ ಕೆಳಗಿನ ಸ್ಟಿಯರಿಂಗ್ ಕ್ಲಚ್ಚನ್ನು ಹಿಸುಕಿದರೆ ಆ ಕಡೆಯ ಚಕ್ರಕ್ಕೆ ಶಕ್ತಿ ನಿಂತು ಯಂತ್ರ ಅತ್ತ ತಿರುಗುತ್ತದೆ. ಹಿಡಿಗೂ ಲಿವರಿಗೂ ಅಂತರ ಹೆಚ್ಚಿದ್ದರೆ ಸಣ್ಣ ಅಂಗೈಯವರು ಬೆರಳ ತುದಿಯಿಂದಲೇ ಎಳೆಯಬೇಕಾಗುತ್ತದೆ, ಆಗ ಇರುವ ಬಲವೂ ಒದಗದು. ಲಿವರನ್ನು ಬಾಗಿಸಿ ಹತ್ತಿರ ತರುವುದು, ಕೊಂಡಿಗಳಿಗೆ ಎಣ್ಣೆ ಬಿಡುವುದು, ತುಕ್ಕು ಹಿಡಿದ ಪಿನ್ನು ಬದಲಿಸುವುದು: ಇಷ್ಟನ್ನು ಮುಗಿಸದೆ ಹೊಸ ವಿನ್ಯಾಸದ ಮಾತೆತ್ತುವುದು ನನ್ನ ಮಟ್ಟಿಗೆ ಅನವಶ್ಯಕ. ಕಡಿದಾದ ಇಳಿಜಾರಿನಲ್ಲಿ ಇದೇ ಕ್ಲಚ್ ಉಲ್ಟಾ ವರ್ತಿಸುತ್ತದೆ. ಎಂಜಿನ್ನಿನ ತಡೆ ಒಂದೇ ಚಕ್ರಕ್ಕೆ ಉಳಿದು ಯಂತ್ರ ಇನ್ನೊಂದು ಕಡೆಗೆ ತಿರುಗುತ್ತದೆ. ಆ ಹೊತ್ತಿನಲ್ಲಿ ತೋಳಿನಿಂದ ಎಳೆದು ಸರಿಪಡಿಸಲಾಗದವರಿಗೆ ಇದನ್ನು ಕಲಿಸದೆ ಲಿವರನ್ನಷ್ಟೇ ಹಗುರ ಮಾಡಿಕೊಡುವುದು ಅಪಾಯ.

ಲಿವರು ಪುಕ್ಕಟೆಯಾಗಿ ಏನನ್ನೂ ಕೊಡದು. ಉದ್ದ ಇಮ್ಮಡಿಸಿದರೆ ಬಲ ಅರ್ಧಕ್ಕಿಳಿಯುತ್ತದೆ, ಕೈ ಸಾಗಬೇಕಾದ ದೂರ ಇಮ್ಮಡಿಯಾಗುತ್ತದೆ. ಭುಜ ಹಿಡಿದುಕೊಂಡವರಿಗೆ ಆ ದೂರವೇ ಕಷ್ಟ. ಪದೇ ಪದೇ ಮಾಡುವ ಕೆಲಸಕ್ಕೆ ಗರಿಷ್ಠ ಬಲದ ಸುಮಾರು ಶೇ. 30ನ್ನು ಮೀರಬಾರದೆಂಬುದು ಕೆಲಸ-ವಿಜ್ಞಾನದ ಸಾಮಾನ್ಯ ಲೆಕ್ಕ. ಅದನ್ನೂ ಬಲಾಢ್ಯರ ಸರಾಸರಿಗೆ ಹಾಕದೆ, ನೂರರಲ್ಲಿ ಅತಿ ಕಡಿಮೆ ಬಲದ ಐವರನ್ನು ಕಣ್ಣಮುಂದಿಟ್ಟು ಹಾಕಬೇಕು. ಮಣ್ಣು ಅಗೆಯುವ ರೋಟರಿ ಅಲಗುಗಳಿಗೆ ಶಕ್ತಿ ಕೊಡುವ ಲಿವರಿಗೆ ಮಾತ್ರ ಈ ಮಾತು ಪೂರ್ತಿ ಸಲ್ಲದು. ಸೆರಗು ತಾಗಿದರೆ ಬೀಳುವಷ್ಟು ಹಗುರವಾದ ಲಿವರು ಕಾಲನ್ನೇ ಕೊಯ್ದೀತು. ಅದಕ್ಕೊಂದು ತಡೆಕೊಂಡಿ ಇರಲೇಬೇಕು.

ಅಂಗವಿಕಲರ ವಿಷಯದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1979ರಿಂದ ಇಂಥ ಮಾರ್ಪಾಡುಗಳಲ್ಲಿ ತೊಡಗಿದೆ: ಕಾಲಿನ ಕ್ಲಚ್ಚನ್ನು ಕೈಗೆ ತರುವುದು, ಸೀಟಿಗೆ ಏರಿಸುವ ಲಿಫ್ಟು. 1990ರ ಕೃಷಿ ಕಾಯ್ದೆಯಿಂದ ಅಲ್ಲಿ ಅಗ್ರಾಬಿಲಿಟಿ ಎಂಬ ಸರ್ಕಾರಿ ಯೋಜನೆಯೂ ಬಂತು. ನಮ್ಮಲ್ಲಿ ಎನ್. ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ತೋಟಗಾರಿಕೆ ತರಬೇತಿ ನಡೆಸಿಕೊಂಡು ಬಂದಿದೆ. ಮಣ್ಣಿನ ಕೆಲಸಕ್ಕೂ ವೈಕಲ್ಯಕ್ಕೂ ನಂಟು ಇಲ್ಲಿಗೆ ಹೊಸದಲ್ಲ. ಕಾನೂನೂ ಅಡ್ಡಿಯಾಗಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ, ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಪ್ರತ್ಯೇಕ ವ್ಯಾಖ್ಯೆಯನ್ನೇ ಕೊಟ್ಟಿದೆ.

ಹೋಬಳಿಗಳ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರ ಬಾಡಿಗೆಗೆ ಸಿಗುತ್ತದೆ, ಓಡಿಸುವವನನ್ನೂ ಕರೆದರಾಯಿತು ಎನ್ನುವವರಿದ್ದಾರೆ. ಸ್ವಂತ ಹೊಲವನ್ನು ತಾನೇ ಉಳಬೇಕೆನ್ನುವ ಒಂಟಿ ಹೆಂಗಸಿಗೂ ಎಪ್ಪತ್ತು ದಾಟಿದ ರೈತನಿಗೂ ಅದು ಉತ್ತರವಾಗಲಾರದು.

ಆದ್ದರಿಂದ ಮೆಕ್ಯಾನಿಕಲ್ ವಿಭಾಗಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ತಂಡವನ್ನು ಸ್ಪ್ರಿಂಗ್ ತಕ್ಕಡಿಯೊಂದಿಗೆ ಮಾಗಡಿ ಕಡೆಗೆ ಕಳುಹಿಸಿ. ಬಳಕೆಯಲ್ಲಿರುವ ಟಿಲ್ಲರು, ಕಳೆಯಂತ್ರಗಳ ಪ್ರತಿಯೊಂದು ಹಿಡಿ, ಪೆಡಲು ಎಷ್ಟು ಕಿಲೋ ಕೇಳುತ್ತದೆಂದು ಬರೆದುಕೊಂಡು ಬರಲಿ. ಆ ಪಟ್ಟಿಯನ್ನು ಕನ್ನಡದಲ್ಲೇ ಅಚ್ಚು ಹಾಕಿಸಿ ಬಾಡಿಗೆ ಕೇಂದ್ರಗಳ ಗೋಡೆಗೆ ಅಂಟಿಸಿ.