ಮಾದನಾಯಕನಹಳ್ಳಿಯ ಮೇಲಣ ಆಕಾಶ

ಪೀಣ್ಯದ ಕಾರ್ಖಾನೆಗಳ ಸಾಲನ್ನು ದಾಟಿ ತುಮಕೂರು ರಸ್ತೆಯಲ್ಲಿ ನೆಲಮಂಗಲದ ಕಡೆಗೆ ಸಾಗುವವರಿಗೆ ಮಾದನಾಯಕನಹಳ್ಳಿಯಲ್ಲಿ ಗೋದಾಮುಗಳೂ ತಗಡಿನ ಶೆಡ್ಡುಗಳೂ ಬಾಡಿಗೆ ಮನೆಗಳ ತಾರಸಿಗಳೂ ಕಾಣುವುವಾದರೂ, ಆ ತಾರಸಿಗಳ ಮೇಲಿನ ಉಕ್ಕಿನ ಕಂಬಗಳನ್ನು ತಲೆಯೆತ್ತಿ ನೋಡುವವರು ವಿರಳ. ನಿಂತು ನೋಡಿದರೆ, ನೀಳವಾದ ಹಲಗೆಯಂಥ ಆಂಟೆನಾಗಳು ಮೂರು ದಿಕ್ಕಿಗೆ ಮುಖಮಾಡಿ ತುಸುವೇ ನೆಲದತ್ತ ಬಾಗಿರುವುದು ಗೋಚರವಾಗುತ್ತದೆ. ತನ್ನ ಪಾಲಿನ ಬೀದಿಗಳನ್ನು ಮೀರಿ ಹೊರಟ ತರಂಗವು ಅದೇ ಆವರ್ತನವನ್ನು ಬಳಸುತ್ತಿರುವ ಮತ್ತೊಂದು ಟವರಿನ ಸೀಮೆಯನ್ನು ಕದಡಬಾರದೆಂದು ಅಳೆದು ಇಟ್ಟ ಬಾಗು ಅದು. ಕಣ್ಣಿಗೆ ಕಾಣದ ಈ ಸೀಮೆಗಳನ್ನು ಯಾರು ಎಳೆದರು, ಯಾವ ಅಧಿಕಾರದಿಂದ ಎಳೆದರು, ಯಾರಿಗಾಗಿ ಎಳೆದರು ಎಂಬ ಇತಿಹಾಸವನ್ನು ಈ ಹೆದ್ದಾರಿಯ ಬದಿಯ ಜನರು ತಿಳಿದಿರುವುದು ಯುಕ್ತವೆಂದು ನಾನು ಭಾವಿಸುತ್ತೇನೆ.

ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಆಕಾಶವಾಣಿಯ ಪ್ರಸಾರವನ್ನು ಆರಂಭಿಸಿದಾಗ ನಮ್ಮ ಆಕಾಶವು ಬಹುಮಟ್ಟಿಗೆ ಬರಿದಾಗಿದ್ದಿತು, ಒಬ್ಬರ ದನಿಗೆ ಇನ್ನೊಬ್ಬರ ದನಿ ಅಡ್ಡಬರುವ ಭಯ ಅಷ್ಟಾಗಿರಲಿಲ್ಲ. ಆದರೂ ಬ್ರಿಟಿಷ್ ಇಂಡಿಯಾದಲ್ಲಿ 1885ರ ಟೆಲಿಗ್ರಾಫ್ ಕಾಯಿದೆಯೂ 1933ರ ವೈರ್‌ಲೆಸ್ ಕಾಯಿದೆಯೂ ಆ ವೇಳೆಗಾಗಲೇ ಈ ವಿದ್ಯೆಯನ್ನು ಸರ್ಕಾರದ ಸ್ವತ್ತಾಗಿ ಮಾಡಿದ್ದುವು. ಸ್ವಾತಂತ್ರ್ಯಾನಂತರ, 1952ರಲ್ಲಿ, ತರಂಗಗಳ ಯೋಜನೆ ಹಾಗೂ ಸಮನ್ವಯಕ್ಕೆಂದು ಕೇಂದ್ರ ಸರ್ಕಾರದಲ್ಲಿ ಒಂದು ವಿಭಾಗ ಏರ್ಪಟ್ಟಿತು. ಕೆರೆಯ ತೂಬಿನ ಬಳಿ ನಿಂತು ಸರದಿ ತಪ್ಪದಂತೆ ಗದ್ದೆಗದ್ದೆಗೆ ನೀರು ಬಿಡುವ ನೀರುಗಂಟಿಯ ಕಾರ್ಯವೇ ಅದರದು. ಇಲ್ಲಿಗೆ ಸಮೀಪದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಬಿ.ಇ.ಎಲ್. ಕಾರ್ಖಾನೆಯು ಸೈನ್ಯಕ್ಕೆ ವೈರ್‌ಲೆಸ್ ಉಪಕರಣಗಳನ್ನು ನಿರ್ಮಿಸಿತು. ಸೈನ್ಯ, ಪೊಲೀಸು, ರೈಲ್ವೆ, ಆಕಾಶವಾಣಿ, ಇವರೇ ಆ ಕಾಲದ ಬಾಧ್ಯಸ್ಥರು. ಸಾಮಾನ್ಯ ಪ್ರಜೆಗೆ ದಕ್ಕಿದುದು ಕೇಳುವ ಅವಕಾಶ ಮಾತ್ರ, ಅದಕ್ಕೂ ಅವನು 1980ರ ದಶಕದವರೆಗೆ ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದಿತು.

ಮೊಬೈಲು ಬಂದಾಗ ಈ ಏರ್ಪಾಡು ಬುಡಮೇಲಾಯಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಗೆ ಪ್ರತ್ಯೇಕ ಪರವಾನಗಿಗಳು ದೊರೆತುವು. ಬೆಂಗಳೂರಿಗೆ ಅಂಥ ಪ್ರತ್ಯೇಕತೆ ಸಿಗದೆ, ಅದು ಇಡೀ ರಾಜ್ಯಕ್ಕೆ ಒಂದೇ ಪರವಾನಗಿಯ ಸೀಮೆಯಾದ ಕರ್ನಾಟಕ ವೃತ್ತದ ಒಳಗೇ ಉಳಿಯಿತು. ಇದನ್ನು ಅಂದು ಕೊರತೆಯೆಂದು ಬಗೆದವರಿದ್ದಿರಬಹುದು. ನನಗಾದರೋ ಇದು ದೊಡ್ಡ ಅನುಕೂಲವೆಂದು ತೋರುತ್ತದೆ. ನಗರದ ಅಂಚು ಎಲ್ಲಿ ಮುಗಿಯುವುದೆಂದು ಹೇಳಲಾಗದ ಮಾದನಾಯಕನಹಳ್ಳಿಯಂಥ ಊರು, ರಾಜಧಾನಿಯೂ ಬೀದರಿನ ಹಳ್ಳಿಯೂ ಪಡೆದ ಪರವಾನಗಿಯ ವ್ಯಾಪ್ತಿಯಲ್ಲಿಯೇ ಬಂದಿತು. ರಾಜ್ಯಕ್ಕೆ ಮೊದಲು ಬಂದ ಖಾಸಗಿ ಕಂಪನಿಗಳು ಎರಡು: ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್. ಮುಂದೆ ಮೊದಲನೆಯದು ಏರ್‌ಟೆಲ್ಲಿನಲ್ಲೂ ಎರಡನೆಯದು ಐಡಿಯಾದಲ್ಲೂ ವಿಲೀನವಾದುವು. ಆಗ ತರಂಗಗಳಿಗೆಂದೇ ಬೇರೆ ಹರಾಜು ಇರಲಿಲ್ಲ. ಪರವಾನಗಿಯ ಜೊತೆಯಲ್ಲಿಯೇ 900 ಮೆಗಾಹರ್ಟ್ಸಿನ ಪಟ್ಟಿಯಲ್ಲಿ ಹೋಗುವ ದಾರಿಗೆ 4.4, ಬರುವ ದಾರಿಗೆ 4.4 ಮೆಗಾಹರ್ಟ್ಸ್ ಲಭಿಸುತ್ತಿತ್ತು.

ಈ 4.4 ಎಂಬುದು ಎಷ್ಟು ಕಿರಿದೆಂದರೆ, ಅದರಲ್ಲಿ ಹಿಡಿಸುವ ವಾಹಕಗಳು 22, ಒಂದೊಂದರಲ್ಲೂ ಎಂಟು ಜನರಿಗೆ ಸರದಿ. ಅಕ್ಕಪಕ್ಕದ ಟವರುಗಳು ಒಂದೇ ವಾಹಕವನ್ನು ಬಳಸುವಂತಿಲ್ಲವಾದುದರಿಂದ ಒಂದು ಟವರಿನ ಪಾಲಿಗೆ ಬೀಳುವುದು ಅದರ ಅಲ್ಪಾಂಶವೇ. ಜನ ಹೆಚ್ಚಿದಂತೆಲ್ಲ ಟವರುಗಳನ್ನು ಹತ್ತಿರಹತ್ತಿರ ನೆಟ್ಟು, ಒಂದೊಂದರ ಸೀಮೆಯನ್ನು ಕುಗ್ಗಿಸಿ, ಅದೇ ಆವರ್ತನವನ್ನು ಮತ್ತೆ ಮತ್ತೆ ಬಳಸುವುದೊಂದೇ ಉಪಾಯ. ಪೀಣ್ಯದಿಂದ ಈಚೆಗೆ ತಾರಸಿತಾರಸಿಗೂ ಕಂಬ ಎದ್ದುದರ ಕಾರಣ ಇದೇ.

ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು ಸಾರಿದುದು 1995ರ ಫೆಬ್ರವರಿ 9ರಂದು, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ. ಆ ಮಾತಿನ ಭಾರ ಆಡಳಿತಕ್ಕೆ ತಟ್ಟಲು ಹದಿನೇಳು ವರ್ಷ ಹಿಡಿಯಿತು. 2008ರಲ್ಲಿ ಅಖಿಲ ಭಾರತ ಪರವಾನಗಿಯನ್ನು 2001ರ ದರವಾದ 1,658 ಕೋಟಿ ರೂಪಾಯಿಗೇ, ಮೊದಲು ಬಂದವರಿಗೆ ಮೊದಲು ಎಂಬ ನೆಪದಲ್ಲಿ ವಿತರಿಸಲಾಯಿತು. ಎರಡೇ ವರ್ಷದಲ್ಲಿ, 2010ರ 3ಜಿ ಹರಾಜಿನಲ್ಲಿ, ಕರ್ನಾಟಕವೊಂದರ ತರಂಗಗುಚ್ಛದ ಒಂದು ಪಾಲಿಗೇ 1,579.91 ಕೋಟಿ ರೂಪಾಯಿ ಬಂದಿತು. ಎರಡೂ ಒಂದೇ ಬಗೆಯ ತರಂಗಗಳಲ್ಲವೆಂಬುದು ನಿಜ. ಆದರೂ ದೇಶದ ಬೆಲೆಯೂ ರಾಜ್ಯದ ಬೆಲೆಯೂ ಹೀಗೆ ಸರಿಸಮವಾಗಿ ನಿಂತುದನ್ನು ಕಂಡು ಮನಸ್ಸು ನೋಯದಿರದು. 2012ರ ಫೆಬ್ರವರಿ 2ರಂದು ನ್ಯಾಯಾಲಯವು 122 ಪರವಾನಗಿಗಳನ್ನು ರದ್ದುಗೊಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ, ಎಲ್ಲ ನೈಸರ್ಗಿಕ ಸಂಪತ್ತಿಗೂ ಹರಾಜೊಂದೇ ಮಾರ್ಗವೆಂಬ ನಿಯಮವಿಲ್ಲವೆಂದು ಸಂವಿಧಾನ ಪೀಠವು ಹೇಳಿತಷ್ಟೆ. ಈ ಎರಡನೆಯ ಮಾತನ್ನು ನಾವು ಬೇಗ ಮರೆತೆವೆಂಬುದು ನನ್ನ ಖೇದ.

ಬೆಂಗಳೂರಿಗೆ 4ಜಿ ಬಂದುದು 2012ರ ಮೇ ತಿಂಗಳಲ್ಲಿ, ಕಲ್ಕತ್ತೆಯ ಬೆನ್ನಿಗೇ. 5ಜಿ ಬಂದುದು 2022ರ ಅಕ್ಟೋಬರಿನಲ್ಲಿ. ಹಳೆಯ 900 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 33 ಸೆಂಟಿಮೀಟರು, 5ಜಿ ಬಳಸುವ 3300 ಮೆಗಾಹರ್ಟ್ಸಿನದು ಸುಮಾರು ಒಂಬತ್ತೇ. ಕಿರಿದಾದ ಅಲೆ ಹೆಚ್ಚು ಮಾಹಿತಿಯನ್ನು ಹೊರಬಲ್ಲಷ್ಟು ಅಗಲದ ಪಟ್ಟಿಯಲ್ಲಿ ದೊರೆಯುತ್ತದೆ, ಆದರೆ ಗೋಡೆಗೆ ಬೇಗ ಸೋಲುತ್ತದೆ. ತಗಡಿನ ಶೆಡ್ಡಂತೂ ಯಾವ ತರಂಗವನ್ನೂ ಸುಲಭವಾಗಿ ಒಳಬಿಡದು. ಲೇತ್ ಯಂತ್ರವನ್ನು ನಿಲ್ಲಿಸಿ, ಎಣ್ಣೆಗೈಯನ್ನು ಬಟ್ಟೆಗೊರಸಿಕೊಂಡು, ‘ಒಳಗೆ ಸಿಗ್ನಲ್ ಬರಲ್ಲ ಸಾರ್’ ಎನ್ನುತ್ತ ಬಾಗಿಲಿಗೆ ಬಂದು ಊರಿನವರೊಡನೆ ಮಾತನಾಡುವ ಕೆಲಸಗಾರನನ್ನು ಇಲ್ಲಿ ಎಂದು ಬೇಕಾದರೂ ಕಾಣಬಹುದು. ಸಾವಿರಾರು ಕೋಟಿಯ ಹರಾಜು ಅವನ ಯಂತ್ರದ ಬಳಿಯವರೆಗೆ ತಲುಪಿಲ್ಲ.

ಕಾರ್ಖಾನೆಗಳು ತಮ್ಮದೇ ಖಾಸಗಿ ಜಾಲವನ್ನು ಕಟ್ಟಿಕೊಳ್ಳಲು 2022ರ ಮಾರ್ಗಸೂಚಿ ಅನುಮತಿ ನೀಡಿದೆ. 2023ರ ದೂರಸಂಪರ್ಕ ಕಾಯಿದೆಯು ಸಕಾರಣವಿಲ್ಲದೆ ಬಳಸದೆ ಬಿಟ್ಟ ತರಂಗಗಳನ್ನು ಹಿಂತೆಗೆದುಕೊಳ್ಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಇವೆರಡನ್ನೂ ಜೋಡಿಸಿ, ಬಳಕೆಯಿಲ್ಲದೆ ಉಳಿದ ಪಾಲಿನಲ್ಲಿ ಒಂದಿಷ್ಟನ್ನು ಪೀಣ್ಯ, ದಾಸನಪುರ, ಮಾದನಾಯಕನಹಳ್ಳಿಗಳ ಸಣ್ಣ ಕೈಗಾರಿಕೆಗಳ ಸಂಘಗಳಿಗೆ, ಅವರ ಆವರಣಕ್ಕಷ್ಟೇ ಸೀಮಿತವಾಗಿ, ಅಲ್ಪ ಶುಲ್ಕಕ್ಕೆ ಕೊಡಬೇಕೆಂಬುದು ನನ್ನ ದೃಢವಾದ ಅಭಿಮತ. ಸಂವಿಧಾನ ಪೀಠದ ಮಾತು ಇದಕ್ಕೆ ಅಡ್ಡಬರುವುದಿಲ್ಲ.