ಕೇಳದ ದನಿಯ ಅಳತೆ

ನಟ್ಟಿರುಳಿನಲ್ಲಿ ನಾಯಿ ಊಳಿಟ್ಟರೆ ಅದರ ಕಣ್ಣಿಗೆ ಯಮದೂತರು ಬಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ದೂತರ ಮಾತು ಹಾಗಿರಲಿ. ನಮಗೆ ನಿಶ್ಶಬ್ದವೆಂದು ತೋರುವ ಇರುಳಿನಲ್ಲಿಯೂ ನಾಯಿಗೆ ಎಷ್ಟೋ ದನಿಗಳು ಕೇಳಿಸುತ್ತವೆಂಬುದು ದಿಟ. ತಾನು ಕೇಳಲಾರದ ಆ ದನಿಗಳನ್ನು ಮನುಷ್ಯ ಅಳೆಯಹೊರಟ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ದನಿಯೆಂದರೆ ಗಾಳಿಯ ಕಂಪನ. ನಾಯಿಯ ಹೊರಗಿವಿ ದನಿ ಬಂದ ದಿಕ್ಕಿಗೆ ತಿರುಗಿ ಅದನ್ನು ಹಿಡಿಯುತ್ತದೆ. ಕಿವಿಯ ತಮಟೆ ಅದುರುತ್ತದೆ. ಮೂರು ಪುಟ್ಟ ಮೂಳೆಗಳು ಆ ಅದುರನ್ನು ಶಂಖದಂತೆ ಸುರುಳಿಗೊಂಡ ಒಳಗಿವಿಗೆ ಮುಟ್ಟಿಸುತ್ತವೆ. ಅಲ್ಲಿಂದ ನರಗಳು ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ಏರ್ಪಾಡು ನಮ್ಮದರಂತೆಯೇ, ವ್ಯಾಪ್ತಿ ಮಾತ್ರ ಬೇರೆ. ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳನ್ನು ಮೀರಿದ ದನಿ ನಮ್ಮ ಪಾಲಿಗಿಲ್ಲ. ನಾಯಿಗೆ ಸುಮಾರು ೪೫,೦೦೦ದವರೆಗೂ ಉಂಟು.

೧೮೭೬ರ ಸುಮಾರಿಗೆ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಇಂತಹ ಎತ್ತರದ ದನಿಯ ಕಿರುಸೀಟಿಯೊಂದನ್ನು ಮಾಡಿದನು. ಅದನ್ನು ಕೈಗೋಲಿನ ತುದಿಗೆ ಸಿಕ್ಕಿಸಿ, ಹಿಡಿಯ ಬಳಿಯ ರಬ್ಬರನ್ನು ಒತ್ತಿ ಊದಿಸುತ್ತ ಲಂಡನ್ನಿನ ಮೃಗಾಲಯದ ಪ್ರಾಣಿಗಳನ್ನು ಪರೀಕ್ಷಿಸಿದನು. ಬೀದಿಯಲ್ಲಿ ಊದಿದಾಗ ಸಣ್ಣ ನಾಯಿಗಳು ತಿರುಗಿ ನೋಡಿದವು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸೋಮಾರಿಗಳಾಗಿ ಬಿದ್ದುಕೊಂಡಿದ್ದ ದೊಡ್ಡ ನಾಯಿಗಳ ಮುಂದೆ ಗಂಟೆಗಟ್ಟಲೆ ಊದಿದರೂ ಒಂದೂ ತಿರುಗಲಿಲ್ಲ. ದೊಡ್ಡ ನಾಯಿಗಳಿಗೆ ಆ ದನಿ ಕೇಳಿಸದೆಂದು ಅವನು ಬಗೆದನು.

ಅವನು ಇದನ್ನೆಲ್ಲ ಬರೆದ ಹೊತ್ತಗೆ ೧೮೮೩ರದು. ಸರಿಯಾಗಿ ನೂರು ವರ್ಷಗಳ ಮೇಲೆ, ೧೯೮೩ರಲ್ಲಿ, ಅಮೆರಿಕದ ಹೆನ್ರಿ ಹೆಫ್ನರ್ ಅಂಗೈಯಗಲದ ಚಿವಾವಾದಿಂದ ಭಾರೀ ಸೇಂಟ್ ಬರ್ನಾರ್ಡಿನವರೆಗೆ ನಾಯಿಗಳನ್ನು ಪಳಗಿಸಿ ಪರೀಕ್ಷಿಸಿದಾಗ, ಕೇಳ್ಮೆಯ ಎಲ್ಲೆಗೂ ಮೈಯ ಗಾತ್ರಕ್ಕೂ ಸಂಬಂಧ ಕಾಣಲಿಲ್ಲ. ತಿರುಗಿ ನೋಡದಿರುವುದು ಬೇರೆ, ಕೇಳಿಸದಿರುವುದು ಬೇರೆ. ಬಹುಕಾಲ ತರಗತಿಯಲ್ಲಿ ನಿಂತ ನನಗೆ ಈ ಭೇದ ಹೊಸದಲ್ಲ.

ಗಾಲ್ಟನ್ ಇನ್ನೊಂದನ್ನೂ ಕಂಡುಕೊಂಡಿದ್ದನು. ವಯಸ್ಸಾದಂತೆ ಮನುಷ್ಯನ ಕಿವಿಗೆ ಎತ್ತರದ ದನಿಗಳು ತಪ್ಪಿಹೋಗುತ್ತವೆ. ಆದರೆ ಕಳೆದುಕೊಂಡವರಿಗೆ ಅದು ತಿಳಿಯುವುದೇ ಇಲ್ಲ, ಹೇಳಿದರೆ ಸಿಟ್ಟಾಗುತ್ತಾರೆ. ಅರವತ್ತು ದಾಟಿದ ನಾನೂ ಆ ಗುಂಪಿನವನೇ.

ವಿಷಾದದ ಸಂಗತಿಯೆಂದರೆ, ಅದೇ ಹೊತ್ತಗೆಯಲ್ಲಿ ಅವನು 'ಯೂಜೆನಿಕ್ಸ್' ಎಂಬ ಪದವನ್ನೂ ಟಂಕಿಸಿದನು: ಹುಟ್ಟಿನಿಂದಲೇ ಮನುಷ್ಯರಲ್ಲಿ ಮೇಲು ಕೀಳುಗಳುಂಟು, ಮೇಲಿನವರ ಸಂತತಿಯೇ ಹೆಚ್ಚಬೇಕು ಎಂಬ ವಿಚಾರ. ಆ ವಿಚಾರ ದೇಶದೇಶಗಳಿಗೆ ಹಬ್ಬಿತು. ೧೯೩೩ರಲ್ಲಿ ನಾಜಿ ಜರ್ಮನಿ ಬಲವಂತದ ಸಂತಾನಹರಣಕ್ಕೆ ಕಾನೂನನ್ನೇ ಮಾಡಿದಾಗ, ವಂಶದಿಂದ ಕಿವುಡುತನ ಪಡೆದವರೂ ಅದರ ಪಟ್ಟಿಯಲ್ಲಿದ್ದರು.

ನಾಯಿಯ ಕಿವಿಯನ್ನು ಅಳೆದಾಗ ಆದ ತಪ್ಪನ್ನು ಇನ್ನೊಬ್ಬರು ತಿದ್ದಿದರು; ಯಾರಿಗೂ ಕೇಡಾಗಲಿಲ್ಲ. ಮನುಷ್ಯರನ್ನು ತೂಗಿದ ತಪ್ಪಿಗೆ ಲಕ್ಷಾಂತರ ಜನ ಬೆಲೆ ತೆತ್ತರು. ಅಳೆಯುವ ಕೋಲನ್ನು ಕೈಗೆತ್ತಿಕೊಳ್ಳುವವನು ತನ್ನ ಕಿವಿಯ ಮಿತಿಯನ್ನು ಮೊದಲು ಅರಿತಿರುವುದು ಒಳ್ಳೆಯದು.